ಒಂದೆಲಗ, ಬ್ರಾಹ್ಮಿ ಮತ್ತು 17767

ನಮ್ಮಮ್ಮ ಒಂಬತ್ತು ದಿನ ಒಂದೇ ಮಾತ್ರೆಯನ್ನು ಎರಡು ಹೆಸರಿನಲ್ಲಿ ನುಂಗಿದ್ದಳು. ಅದು ಗೊತ್ತಾದ ಸಂಜೆಯೇ ಈ ಬರಹ ಶುರುವಾಯಿತು ಅನ್ನಬಹುದು.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅಮ್ಮ ತೀರ್ಥಹಳ್ಳಿಯಿಂದ ಕೊಚ್ಚಿಗೆ ಬಂದು ಎರಡು ತಿಂಗಳು ನಮ್ಮ ಜೊತೆ ಇರುತ್ತಾಳೆ. ನಾನು ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಅಮ್ಮನಿಗೆ ಮಾತ್ರ ಇದು ಇವತ್ತಿಗೂ 'ನಿನ್ನ ಆ ಊರು'. ಬರುವಾಗ ಚೀಲದಲ್ಲಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಅವುಗಳ ನಡುವೆ ಊರಿನ ಡಾಕ್ಟರು ಬರೆದುಕೊಟ್ಟ ಬಿಪಿ ಮಾತ್ರೆಯ ಸ್ಟ್ರಿಪ್ಪುಗಳು. ಆ ಸಲ ಬಂದ ವಾರಕ್ಕೇ ತಲೆ ಭಾರ ಅಂದಳು. ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದೆ. ಬಿಪಿ ಇದೆ, ದಿನಕ್ಕೊಂದು ಕೊಡಿ ಎಂದು ಚೀಟಿ ಬರೆದರು. ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಿದರು ಕೂಡ. ನಾನು "ಒಂದು ಸಣ್ಣ ಬಿಳಿ ಮಾತ್ರೆ" ಅಂದೆ! ಹೆಸರು ಯಾರಿಗೆ ನೆನಪಿತ್ತು?

ಒಂಬತ್ತನೆಯ ದಿನ ಅಮ್ಮನ ಕಾಲಿನ ಹರಡು ಊದಿಕೊಂಡಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಪಕ್ಕದ ಮನೆಯ ಹುಡುಗಿ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಕೆಲಸ ಮಾಡುವವಳು, ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡುವುದು ಅವಳ ಕಸುಬು. ಅಮ್ಮನಿಗೆ ಅವಳು ಅಚ್ಚುಮೆಚ್ಚು, ಅವಳಿಗೆ ಇವಳು 'ಅಮ್ಮೂಮ್ಮ'. ಮಾತಾಡಿಸಲು ಬಂದವಳು ಎರಡು ಸ್ಟ್ರಿಪ್ಪುಗಳನ್ನೂ ತಿರುಗಿಸಿ ಹಿಂಬದಿಯ ಪುಟ್ಟ ಅಕ್ಷರ ಓದಿದಳು. ಎರಡರಲ್ಲೂ ಒಂದೇ: ಆಮ್ಲೋಡಿಪೈನ್, 5 ಮಿಲಿಗ್ರಾಂ.

"ಅದು ಊರಿನ ಡಾಕ್ಟ್ರದು, ಇದು ಇಲ್ಲಿಯವರದು. ಬೇರೆ ಬೇರೆ ಅಲ್ವನಾ?" ಎಂದಳು ಅಮ್ಮ. ಬಣ್ಣ ಬೇರೆ, ಹೊಳೆಯುವ ಕಾಗದ ಬೇರೆ, ಹೆಸರು ಬೇರೆ. ಅವಳು ತಾನೇ ಹೇಗೆ ತಿಳಿಯಬೇಕು? ಡಾಕ್ಟರಿಗೆ ಫೋನು ಮಾಡಿದೆವು, ಒಂದನ್ನು ನಿಲ್ಲಿಸಿದರು. ಕೆಲವು ದಿನಗಳಲ್ಲಿ ಊತ ಇಳಿಯಿತು. ತಪ್ಪು ಯಾರದು ಎಂದರೆ, ಆ 'ಸಣ್ಣ ಬಿಳಿ ಮಾತ್ರೆ' ಎಂದವನದೇ.

ಆ ರಾತ್ರಿ ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ತಂತ್ರಾಂಶ ತೋರಿಸಿದಳು. ಹೆಸರು ಆರ್‌ಎಕ್ಸ್‌ನ್ಯಾವ್. ಅಮೆರಿಕದ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದವರು ಮಾಡಿದ್ದು, ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಇದರ ಹಿಂದಿರುವ ಹೆಸರುಗಳ ಖಜಾನೆಗೆ ಆರ್‌ಎಕ್ಸ್‌ನಾರ್ಮ್ ಎನ್ನುತ್ತಾರೆ. ಒಂದು ಮದ್ದಿನ ಹೆಸರು ಹೊಡೆದರೆ ಪರದೆಯ ಮೇಲೆ ವಂಶವೃಕ್ಷದಂತೆ ಒಂದು ಚಿತ್ರ ಹರಡಿಕೊಳ್ಳುತ್ತದೆ. ಒಂದು ಕಡೆ ಮೂಲವಸ್ತು, ಅದರಿಂದ ಆದ ಬೇರೆ ಬೇರೆ ಪ್ರಮಾಣದ ಮಾತ್ರೆ, ಸಿರಪ್ಪು, ಇಂಜೆಕ್ಷನ್ನು. ಇನ್ನೊಂದು ಕಡೆ ಅವೇ ಮದ್ದುಗಳು ಯಾವ ಯಾವ ಬ್ರಾಂಡಿನಲ್ಲಿ ಸಿಗುತ್ತವೆ ಎಂಬುದು. ಯಾವ ಕೊಂಬೆ ಮುಟ್ಟಿದರೂ ಅದರ ನೆಂಟರಿಷ್ಟರೆಲ್ಲ ಎದ್ದು ಕಾಣುತ್ತಾರೆ. ಮತ್ತು ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ. ಆಮ್ಲೋಡಿಪೈನ್ ಎಂಬ ವಸ್ತುವಿಗೆ 17767. 'ಆಮ್ಲೋಡಿಪೈನ್ 5 ಮಿಲಿಗ್ರಾಂ, ಬಾಯಿಯಿಂದ ತೆಗೆದುಕೊಳ್ಳುವ ಮಾತ್ರೆ' ಎಂಬುದಕ್ಕೆ 197361. ಯಾವ ಕಂಪನಿ ಯಾವ ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರೂ ಈ ಸಂಖ್ಯೆ ಕದಲುವುದಿಲ್ಲ.

"ಹಾಗಾದರೆ ನಮ್ಮಮ್ಮನ ಮಾತ್ರೆಯ ಹೆಸರು ಹಾಕು" ಅಂದೆ. ಹಾಕಿದಳು. ಇಲ್ಲ! ಇನ್ನೊಂದು? ಅದೂ ಇಲ್ಲ. ಆರ್‌ಎಕ್ಸ್‌ನಾರ್ಮಿಗೆ ಗೊತ್ತಿರುವುದು ಅಮೆರಿಕದಲ್ಲಿ ಸಿಗುವ ಮದ್ದುಗಳು. ತೀರ್ಥಹಳ್ಳಿಯ ಮೆಡಿಕಲ್ ಶಾಪಿನವನ ಭಾಷೆ ಅದಕ್ಕೆ ಬರದು.

ಅಮೆರಿಕದಲ್ಲಿ ಮಗನೋ ಮಗಳೋ ಇರುವವರಿಗೆ ಇದರ ತಿರುವುಮುರುವು ಗೊತ್ತೇ ಇರುತ್ತದೆ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನು ಅಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ತಮಾಷೆಯೆಂದರೆ ಎರಡು ಹೆಸರೂ 'ಪ್ಯಾರಾ ಅಸಿಟೈಲ್ ಅಮಿನೋ ಫೀನಾಲ್' ಎಂಬ ಒಂದೇ ಉದ್ದನೆಯ ರಾಸಾಯನಿಕ ಹೆಸರಿನಿಂದ ಅಕ್ಷರ ಹೆಕ್ಕಿ ಕಟ್ಟಿದವು. ಒಬ್ಬರು ತಲೆಯಿಂದ ಹೆಕ್ಕಿದರು, ಇನ್ನೊಬ್ಬರು ನಡುವಿನಿಂದ. ದಮ್ಮಿಗೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್.

ಇಷ್ಟಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದೇ ತಿಂಗಳು ಅಮ್ಮನಿಗೆ ತಂಬುಳಿಯ ಆಸೆಯಾಯಿತು. ಒಂದೆಲಗದ ತಂಬುಳಿ. ಊರಿನಲ್ಲಾದರೆ ತೋಟದ ಕಾಲುವೆ ಬದಿಗೆ ಹೋಗಿ ಕೈ ತುಂಬ ಕೊಯ್ದು ತರುವ ಸೊಪ್ಪು, ಇಲ್ಲಿ ಎಲ್ಲಿ ಹುಡುಕಲಿ? ಒಂದೆಲಗ ಎಂದರೆ ಮಲಯಾಳಿಗಳಿಗೆ ತಿಳಿಯದು. ನಮ್ಮ ಕಡೆ ಅದಕ್ಕೆ ಬ್ರಾಹ್ಮಿ ಅಂತಲೂ ಅನ್ನುತ್ತಾರಲ್ಲ, ಆ ಧೈರ್ಯದಲ್ಲಿ 'ಪಚ್ಚಮರುನ್ನು' ಮಾರುವ, ಅಂದರೆ ಹಸಿ ಮೂಲಿಕೆ ಮಾರುವ ಅಂಗಡಿಗೆ ಹೋಗಿ ಬ್ರಾಹ್ಮಿ ಕೊಡಿ ಎಂದೆ. ಅವನು ಕೊಟ್ಟ ಕಟ್ಟನ್ನು ಬಿಚ್ಚಿದ ಅಮ್ಮ ನನ್ನ ಮುಖವನ್ನೇ ನೋಡಿದಳು. ದುಂಡಗಿನ, ಅಂಚು ಗರಗಸದಂಥ ಎಲೆ ಬೇಕಿದ್ದಲ್ಲಿ ಕಡಲೆಬೇಳೆಯಷ್ಟು ಪುಟ್ಟ, ದಪ್ಪ ಎಲೆಗಳ ಬಳ್ಳಿ. ಒಂದೆಲೆ ಬಾಯಿಗಿಟ್ಟು ಉಗಿದಳು. "ಇದೆಂತ ಬ್ರಾಹ್ಮಿಯೋ ಮಾರಾಯ, ಕಹಿ ಕಿರಾತಕಡ್ಡಿ!"

ಅಂಗಡಿಯವನು ಮೋಸ ಮಾಡಿರಲಿಲ್ಲ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಅದೇ, ಬಕೋಪ ಮೊನ್ನಿಯೆರಿ. ನಮ್ಮ ಒಂದೆಲಗ, ತುಳುವರ ತಿಮರೆ, ಇಲ್ಲಿ ಕುಡಂಙಲ್. ಅದರ ಶಾಸ್ತ್ರೀಯ ಹೆಸರು ಸೆಂಟೆಲ್ಲ ಏಷಿಯಾಟಿಕ. ಆಯುರ್ವೇದದ ಅಧಿಕೃತ ಔಷಧಕೋಶವೂ ಬ್ರಾಹ್ಮಿ ಎಂದರೆ ಬಕೋಪ, ಒಂದೆಲಗ ಎಂದರೆ ಮಂಡೂಕಪರ್ಣಿ ಎಂದು ವಿಂಗಡಿಸಿಟ್ಟಿದೆ. ಹೀಗೆ ಊರಿಗೊಂದು ಗಿಡ ತೋರಿಸುವ ಹೆಸರುಗಳು ಇನ್ನೂ ಇವೆ. ಶಂಖಪುಷ್ಪಿ ಎಂದರೆ ಕೇರಳದ ವೈದ್ಯರಿಗೆ ನೀಲಿ ಹೂವಿನ ಬಳ್ಳಿ, ಉತ್ತರದವರಿಗೆ ನೆಲಕ್ಕೆ ಅಂಟಿ ಬೆಳೆಯುವ ಬೇರೊಂದು ಗಿಡ. ರಾಸ್ನೆಯ ಕಥೆಯೂ ಅಷ್ಟೆ. ಒಂದು ಮದ್ದಿಗೆ ಎರಡು ಹೆಸರಾದರೆ ನಮ್ಮಮ್ಮನ ಹರಡು ಊದಿತು. ಇಲ್ಲಿ ಒಂದು ಹೆಸರಿಗೆ ಎರಡು ಮದ್ದು. ಯಾವುದು ಹೆಚ್ಚು ಅಪಾಯ ಎಂದು ನೀವೇ ಹೇಳಿ.

ಈ ಎರಡು ಗಿಡಗಳನ್ನು ಯಾರು, ಯಾವಾಗ ಬೇರೆ ಬೇರೆ ಎಂದು ಬರೆದಿಟ್ಟರು ಎಂದು ಹುಡುಕುತ್ತಾ ಹೋದರೆ ಬಂದು ನಿಂತದ್ದೆಲ್ಲಿ ಗೊತ್ತಾ? ನನ್ನ ಮನೆಯಿಂದ ಬೋಟಿನಲ್ಲಿ ಅರ್ಧ ಗಂಟೆ ದೂರದ ಫೋರ್ಟ್ ಕೊಚ್ಚಿಗೆ. ಮೂವತ್ತು ವರ್ಷದಿಂದ ಊರಿನಿಂದ ಬಂದ ನೆಂಟರನ್ನೆಲ್ಲ ಚೀನಾ ಬಲೆ ತೋರಿಸಲು ಕರೆದೊಯ್ದ ಅದೇ ಜಾಗ!

ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡದ್ದು 1663ರಲ್ಲಿ. ಅಲ್ಲಿಂದ ಏಳೆಂಟು ವರ್ಷಕ್ಕೆ ಮಲಬಾರಿನ ಡಚ್ ಆಡಳಿತ ಹೆಂಡ್ರಿಕ್ ವಾನ್ ರೀಡ್ ಎಂಬವನ ಕೈಗೆ ಬಂತು. ಸೈನಿಕ, ವೈದ್ಯನಲ್ಲ. ಆದರೆ ಈ ನಾಡಿನ ಕಾಡಿನಲ್ಲಿ ನಡೆದಾಡಿ ಅದರ ಹಸುರಿಗೆ ಮರುಳಾದವನು. ಜೊತೆಗೆ ಲೆಕ್ಕಾಚಾರವೂ ಇತ್ತು, ಮಲಬಾರು ಸಿಲೋನಿಗಿಂತ ಕಡಿಮೆಯಲ್ಲ ಎಂದು ಕಂಪನಿಯ ದೊಡ್ಡವರಿಗೆ ತೋರಿಸಬೇಕಿತ್ತು. ಅವನು ಮಾಡಿಸಿದ ಪುಸ್ತಕವೇ 'ಹೋರ್ಟಸ್ ಮಲಬಾರಿಕಸ್', ಮಲಬಾರಿನ ಉದ್ಯಾನ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಸುಮಾರು 740 ಗಿಡಮರಗಳು, 790ಕ್ಕೂ ಮಿಕ್ಕಿ ತಾಮ್ರಪಟದ ಚಿತ್ರಗಳು. ಕೊನೆಯ ಸಂಪುಟವನ್ನು ರೀಡ್ ನೋಡಲಿಲ್ಲ. 1691ರಲ್ಲಿ ಸೂರತ್ತಿಗೆ ಹೋಗುವ ಹಡಗಿನಲ್ಲೇ ತೀರಿಕೊಂಡ.

ಪುಸ್ತಕದ ಮಹಿಮೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಅದನ್ನು ಮಾಡಿದ ರೀತಿ. ಹೆಸರು ಹೇಳಿದವರಲ್ಲಿ ಮುಖ್ಯನಾದವನು ಇಟ್ಟಿ ಅಚ್ಯುತನ್. ಚೇರ್ತಲದ ಹತ್ತಿರ ಕಡಕ್ಕರಪ್ಪಳ್ಳಿಯ ಕೊಲ್ಲಾಟ್ಟ್ ಮನೆಯ ಈಳವ ವೈದ್ಯ, ತಲೆಮಾರುಗಳಿಂದ ಬಂದ ಓಲೆಗರಿಗಳ ಒಡೆಯ. ಅವನ ಜೊತೆಗೆ ಮೂವರು ಕೊಂಕಣಿ ಬ್ರಾಹ್ಮಣರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಇವರ ಪೂರ್ವಜರು ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಕರಾವಳಿಗುಂಟ ಇಳಿದು ಬಂದ ಜನ. ಮಂಗಳೂರು, ಕಾರ್ಕಳದ ಓದುಗರಿಗೆ ಈ ವಲಸೆಯ ಕಥೆ ನಾನು ಹೇಳಬೇಕಿಲ್ಲ. ಮಟ್ಟಾಂಚೇರಿಯ ತಿರುಮಲ ದೇವಸ್ವಂ ಬೀದಿಯಲ್ಲಿ ಇವತ್ತಿಗೂ ಆ ಕೊಂಕಣಿ ಕಿವಿಗೆ ಬೀಳುತ್ತದೆ. ಅಚ್ಯುತನ್ ಬಾಯಿಯ ವೈದ್ಯವನ್ನೂ ಓಲೆಯ ವೈದ್ಯವನ್ನೂ ತಂದರೆ ಇವರು ತಮ್ಮ ಸಂಸ್ಕೃತ ನಿಘಂಟನ್ನು ತಂದರು. ನಿಘಂಟು ಎಂದರೆ ಏನು? ಒಂದು ಗಿಡಕ್ಕೆ ಇರುವ ಪರ್ಯಾಯ ಹೆಸರುಗಳ ಮಾಲೆ. ಅಮರಕೋಶದ ವನೌಷಧಿ ವರ್ಗವನ್ನು ಬಾಯಿಪಾಠ ಮಾಡಿದವರಿಗೆ ಗೊತ್ತು. ನಮ್ಮ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಕಂಡದ್ದು ಅದೇ ಕೆಲಸ, ಶ್ಲೋಕದ ಬದಲು ಗೆರೆ, ಚೌಕ.

ಕೆಲಸ ನಡೆದದ್ದು ಹೀಗೆ. ಗಿಡ ತರಲು ಜನ ಕಾಡಿಗೆ ಹೋಗುತ್ತಿದ್ದರು. ಹೂ ಬಿಟ್ಟಾಗ ಒಮ್ಮೆ, ಕಾಯಿಯಾದಾಗ ಒಮ್ಮೆ ತರಬೇಕು. ಚಿತ್ರಕಾರರು ಹಸಿಯಿದ್ದಾಗಲೇ ಬರೆಯಬೇಕು. ಅಚ್ಯುತನ್ ಹೆಸರು, ಗುಣ, ಬಳಕೆ ಹೇಳಿದ್ದನ್ನು ಮಲಯಾಳದಲ್ಲಿ ಬರೆದುಕೊಂಡು, ಕೊಚ್ಚಿಯವನೇ ಆದ ದುಭಾಷಿ ಇಮ್ಯಾನುಯೆಲ್ ಕಾರ್ನೇರೊ ಪೋರ್ಚುಗೀಸಿಗೆ ತಿರುಗಿಸಿದ. ಅಲ್ಲಿಂದ ಲ್ಯಾಟಿನ್ನಿಗೆ. ಮೊದಲ ಸಂಪುಟಗಳ ಲ್ಯಾಟಿನ್ನನ್ನು ತಿದ್ದಿ ತೀಡಿದವನು ಯೊಹಾನೆಸ್ ಕಸೇರಿಯಸ್ ಎಂಬ ಪಾದ್ರಿ. ಅಂದ ಹಾಗೆ, ಈತ ಹುಡುಗನಾಗಿದ್ದಾಗ ತತ್ತ್ವಜ್ಞಾನಿ ಸ್ಪಿನೋಜನ ಬಳಿ ಪಾಠ ಹೇಳಿಸಿಕೊಂಡಿದ್ದನಂತೆ! ಲೋಕ ಎಷ್ಟು ಚಿಕ್ಕದು ನೋಡಿ.

ಇಷ್ಟು ಬಾಯಿ, ಇಷ್ಟು ಭಾಷೆ ದಾಟಿ ಹೋದ ಮೇಲೆ ಕೊನೆಗೆ ಉಳಿದ ಹೆಸರು ಮೊದಲು ಹೇಳಿದ ಹೆಸರೇ ಎಂದು ನಂಬುವುದು ಹೇಗೆ? ರೀಡನಿಗೂ ಈ ಸಂಶಯ ಇತ್ತೆಂದು ತೋರುತ್ತದೆ. ಅದಕ್ಕೇ ಮೊದಲ ಸಂಪುಟದಲ್ಲಿ ಹೇಳಿಕೆಪತ್ರಗಳನ್ನು ಹಾಕಿಸಿದ. 1675ರ ಏಪ್ರಿಲ್ 19ರಂದು ಕಾರ್ನೇರೊ ತಾನು ತಿರುಗಿಸಿದ್ದು ನಿಜ ಎಂದು ಬರೆದುಕೊಟ್ಟ. ಮರುದಿನ ಇಟ್ಟಿ ಅಚ್ಯುತನ್ ತನ್ನ ಕೋಲೆಳುತ್ತು ಲಿಪಿಯಲ್ಲಿ ಬರೆದುಕೊಟ್ಟ. ಅದೇ ದಿನ ಆ ಮೂವರು ನಾಗರಿ ಲಿಪಿಯ ಕೊಂಕಣಿಯಲ್ಲಿ ಬರೆದು ಸಹಿ ಹಾಕಿದರು. ಅವನ್ನು ಅನುವಾದವಾಗಿ ಅಲ್ಲ, ಅವರವರ ಕೈಬರಹದ ರೂಪದಲ್ಲೇ ಕೊರೆದು ಅಚ್ಚು ಹಾಕಿದ್ದಾರೆ. ಮಲಯಾಳ ಅಕ್ಷರ ಮೊದಲು ಅಚ್ಚು ಕಂಡದ್ದು ಈ ಪುಸ್ತಕದಲ್ಲೇ ಎನ್ನುತ್ತಾರೆ. ಗಿಡದ ಚಿತ್ರಗಳ ಮೇಲೂ ಹೆಸರನ್ನು ಒಂದೇ ಲಿಪಿಯಲ್ಲಿ ಬಿಟ್ಟಿಲ್ಲ. ರೋಮನ್, ಮಲಯಾಳ, ಅರಬಿ, ನಾಗರಿ ಹೀಗೆ ಒಟ್ಟೊಟ್ಟಿಗೆ ಕೊರೆಸಿದ್ದಾರೆ. ಬಂದರಿನ ಅರಬಿ ವ್ಯಾಪಾರಿಯೂ ತಿಳಿಯಲಿ, ಭಟ್ಟರೂ ತಿಳಿಯಲಿ, ಆಮ್‌ಸ್ಟರ್‌ಡ್ಯಾಮಿನ ಪಂಡಿತನೂ ತಿಳಿಯಲಿ ಎಂದು.

ಮೂರನೆಯ ಸಂಪುಟದ ಮುನ್ನುಡಿಯಲ್ಲಿ ರೀಡ್ ಒಂದು ಮಾತು ಹೇಳುತ್ತಾನೆ. ಈ ವೈದ್ಯರು ಗಿಡದ ಬಗ್ಗೆ ವಾದಕ್ಕಿಳಿದರೆ ಹಳೆಯ ಪದ್ಯಗಳನ್ನು ಆಧಾರ ಕೊಟ್ಟು ವಾದಿಸುತ್ತಿದ್ದರಂತೆ. ಆದರೆ ಎದುರಾಳಿಯ ಮಾತನ್ನು ಎಂದೂ ಹೀಗಳೆಯುತ್ತಿರಲಿಲ್ಲವಂತೆ. ಆ ಚಾವಡಿಯನ್ನು ನೆನೆದುಕೊಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಈಳವರು, ಬ್ರಾಹ್ಮಣರು, ಡಚ್ ಪಾದ್ರಿ, ಕ್ಯಾಥೊಲಿಕ್ ಸನ್ಯಾಸಿ ಎಲ್ಲರೂ ಒಂದು ಎಲೆಯ ಸುತ್ತ ಕೂತು 'ಇದು ಅದೇನಾ?' ಎಂದು ಕೇಳುತ್ತಿರುವ ದೃಶ್ಯ. ಹಾಗೆಂದು ಎಲ್ಲರೂ ಸರಿಸಮಾನರಾಗಿದ್ದರು ಎಂದು ಭ್ರಮೆ ಬೇಡ. ಮುಖಪುಟದಲ್ಲಿ ಮೆರೆದ ಹೆಸರು ರೀಡನದೇ, ಹೆಸರು ಹೇಳಿದವನದಲ್ಲ.

ಈಗ ತಂಬುಳಿಗೆ ಬರೋಣ. 1690ರ ಹತ್ತನೆಯ ಸಂಪುಟದಲ್ಲಿ ಎರಡೂ ಗಿಡಗಳಿವೆ. ಒಂದರ ಹೆಸರು 'ಬ್ರಾಮಿ', ಅದು ಅಮ್ಮ ಉಗಿದ ಕಹಿ ಬಳ್ಳಿ. ಇನ್ನೊಂದರ ಹೆಸರು 'ಕೊಡಗಂ', ಅದೇ ನಮ್ಮ ಒಂದೆಲಗ. (ಕೊಡಗಿಗೂ ಇದಕ್ಕೂ ಸಂಬಂಧ ಇಲ್ಲ, ಖುಷಿಪಡಬೇಡಿ. ಇಲ್ಲಿಯ ಕುಡಂಙಲ್‌ನ ಹಳೆಯ ನೆಂಟನದು.) ನನ್ನ ಪಚ್ಚಮರುನ್ನು ಅಂಗಡಿಯವನು ಮೂರು ಶತಮಾನಕ್ಕೂ ಹಿಂದಿನ ಹೆಸರನ್ನೇ ಹೇಳಿ ಆ ಹೆಸರಿನ ಗಿಡವನ್ನೇ ಕೊಟ್ಟಿದ್ದ. ಅರಿಯದವನು ನಾನು.

ಸ್ವೀಡನ್ನಿನ ಲಿನ್ನಿಯಸ್ 1753ರಲ್ಲಿ ಲೋಕದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಡುವಾಗ ಈ ಭಾಗದ ಗಿಡಗಳಿಗೆ ಹೋರ್ಟಸ್ ಅನ್ನೇ ಆಧಾರವಾಗಿ ಇಟ್ಟುಕೊಂಡ. ಎಷ್ಟೋ ಕಡೆ ಇಲ್ಲಿಯ ಹೆಸರು ಅವನ ಲ್ಯಾಟಿನ್ನಿನೊಳಗೇ ಉಳಿದುಬಿಟ್ಟಿತು. ನಮ್ಮ ರಂಜೆ ಹೂವಿನ ಮರ ಇವತ್ತಿಗೂ 'ಮಿಮುಸಾಪ್ಸ್ ಎಲೆಂಗಿ'. ಎಲೆಂಗಿ ಎಂದರೆ ಅಚ್ಯುತನ್ ಹೇಳಿದ ಇಲಞ್ಞಿ. ಎಷ್ಟೋ ಗಿಡಗಳಿಗೆ, ಹೆಸರು ಯಾವುದಕ್ಕೆ ಸೇರಿದ್ದು ಎಂದು ಜಗಳ ಬಂದರೆ ಕೊನೆಯ ಸಾಕ್ಷಿ ಹೋರ್ಟಸ್‌ನ ಚಿತ್ರವೇ. ಹೆಸರು ಮಾತ್ರ ನಿಲ್ಲಲಿಲ್ಲ. ಲಿನ್ನಿಯಸ್ ಒಂದೆಲಗವನ್ನು ಹೈಡ್ರೋಕೋಟೈಲ್ ಏಷಿಯಾಟಿಕ ಎಂದ, 1879ರಲ್ಲಿ ಅದು ಸೆಂಟೆಲ್ಲ ಆಯಿತು. ಶಾಸ್ತ್ರೀಯ ಹೆಸರೂ ಬದಲಾಗುತ್ತದೆ ಎಂದಾಗ ಹಳೆಯದನ್ನೂ ಹೊಸದನ್ನೂ ಒಂದೇ ದಾರದಲ್ಲಿ ಪೋಣಿಸಿಡುವವರು ಬೇಕು. ಆರ್‌ಎಕ್ಸ್‌ನಾರ್ಮಿನ ಸಂಖ್ಯೆ ಅಂಥ ದಾರ.

ಅದಿರಲಿ, ಹೋರ್ಟಸ್ ಅಚ್ಚಾದ ಮೇಲೆ ಅದರಲ್ಲಿ ಹುಡುಕುವುದೇ ಒಂದು ಸಾಹಸವಾಯಿತು. ಹೆಸರುಗಳು ಮಲಯಾಳದವು, ಕಾಗುಣಿತ ಡಚ್ಚರದು. 'ಚ' ಎಂಬ ಒಂದು ಅಕ್ಷರಕ್ಕೆ ಅವರು ಟಿ, ಎಸ್, ಜೆ ಎಂದು ಮೂರನ್ನು ಸಾಲಾಗಿ ನಿಲ್ಲಿಸಿದರು. ಚಂಪಕವನ್ನು 'ಸಿ' ಅಡಿಯಲ್ಲಿ ಹುಡುಕಿದರೆ ಸಿಗದು, 'ಟಿ' ಅಡಿಯಲ್ಲಿ ಕೂತಿದೆ! (ಆರ್‌ಎಕ್ಸ್‌ನ್ಯಾವ್ ಕಾಗುಣಿತ ತಪ್ಪಿದರೂ ಹತ್ತಿರದ ಹೆಸರು ಸೂಚಿಸುತ್ತದೆ. ಆ ಸೌಲಭ್ಯದ ಬೆಲೆ ಇಂಥಲ್ಲಿ ಗೊತ್ತಾಗುತ್ತದೆ.) ಹಾಗಾಗಿ ಪುಸ್ತಕಕ್ಕೆ ಬೀಗದಕೈ ಮಾಡುವವರು ಹುಟ್ಟಿಕೊಂಡರು. 1818ರಲ್ಲಿ ಡೆನ್‌ಸ್ಟೆಟ್ ಎಂಬ ಜರ್ಮನ್ ವಿದ್ವಾಂಸ 'ಬೀಗದಕೈ' ಎಂದೇ ಹೆಸರಿಟ್ಟು ಒಂದು ಪುಸ್ತಕ ತಂದ. 1822ರಿಂದ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಚಿಕೆಗಳಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬವನು ದೀರ್ಘ ವ್ಯಾಖ್ಯಾನ ಬರೆದ. ಯಾರಪ್ಪಾ ಇವನು ಎಂದು ನೋಡಿದರೆ ನಮ್ಮ ಬುಕನನ್! ಟಿಪ್ಪು ಬಿದ್ದ ಮೇಲೆ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ನಮ್ಮ ಊರುಗಳ ಅಡಿಕೆ, ಭತ್ತ, ಜಾತಿ, ಕುಲುಮೆ ಎಲ್ಲವನ್ನೂ ಬರೆದಿಟ್ಟವನು. ಆಮೇಲೆ ತಾಯಿಯ ಮನೆತನದ ಹೆಸರು ಹಿಡಿದು ಹ್ಯಾಮಿಲ್ಟನ್ ಆದ. ಗಿಡಗಳ ಹೆಸರಿನ ಗೊಂದಲ ಬಿಡಿಸಲು ಹೊರಟವನಿಗೇ ಎರಡು ಹೆಸರು.

ಇಷ್ಟೆಲ್ಲ ಆದರೂ ಹೆಸರು ಹೇಳಿದ ಜನರಿಗೆ ಮಾತ್ರ ಪುಸ್ತಕ ತೆರೆಯಲಿಲ್ಲ. ಅದು ಲ್ಯಾಟಿನ್ನಿನಲ್ಲೇ ಕೂತಿತ್ತು. ತೆರೆದವರು ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್. ಒಂದೊಂದು ಗಿಡವನ್ನೂ ಇಲ್ಲಿಯ ನೆಲದಲ್ಲಿ ಮತ್ತೆ ಹುಡುಕಿ ಗುರುತಿಸಿ, 1988ರಲ್ಲಿ ಇಬ್ಬರು ಸಂಗಡಿಗರೊಂದಿಗೆ ಅದರ ವಿವರ ಪ್ರಕಟಿಸಿದರು. ನಂತರ 12 ಸಂಪುಟಗಳನ್ನೂ ಅನುವಾದಿಸಿದರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಇಂಗ್ಲಿಷಿನಲ್ಲೂ 2008ರಲ್ಲಿ ಮಲಯಾಳದಲ್ಲೂ ಅಚ್ಚು ಹಾಕಿತು. ಇಟ್ಟಿ ಅಚ್ಯುತನ್‌ನ ಮಾತು ಅವನ ಭಾಷೆಗೆ ಮರಳಲು 333 ವರ್ಷ ಹಿಡಿಯಿತು, 1675ರಿಂದ ಲೆಕ್ಕ ಹಾಕಿದರೆ. ಮಣಿಲಾಲರಿಗೆ 2020ರಲ್ಲಿ ಪದ್ಮಶ್ರೀ ಬಂತು, 2025ರ ಜನವರಿ 1ರಂದು ತೀರಿಕೊಂಡರು.

ಅಮ್ಮನನ್ನು ಕರೆದುಕೊಂಡು ತಿರುವನಂತಪುರಕ್ಕೆ ಹೋದಾಗ, ಪದ್ಮನಾಭನ ದರ್ಶನ ಆದ ಮೇಲೆ ಪಾಳಯಂನಲ್ಲಿರುವ ವಿಶ್ವವಿದ್ಯಾಲಯದ ಕಡೆ ಹೋಗಿ ಆ ಸಂಪುಟಗಳನ್ನು ನೋಡಿ ಬಂದೆ. ಕೊಡಗಂ ಪುಟ ತೆರೆದು ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಬೇರಿನ ಹತ್ತಿರ ಗಂಟು ಸರಿಯಾಗಿ ಬರೆದಿದ್ದಾರೆ. ನೋಡಿ ಬರೆದದ್ದೇ" ಅಂದಳು. ಅವಳಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರಿಗೂ ಸಿಕ್ಕಿಲ್ಲ.

ಇನ್ನು ಗಿಡದಿಂದ ಮಾತ್ರೆಗೆ. ಕಾರ್ಖಾನೆಯ ಮದ್ದಿಗೆ ಲೋಕಕ್ಕೆಲ್ಲ ಒಂದೇ ಹೆಸರಿರಲಿ ಎಂಬ ತೀರ್ಮಾನ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಆದದ್ದು 1950ರಲ್ಲಿ, ಮೊದಲ ಪಟ್ಟಿ ಬಂದದ್ದು 1953ರಲ್ಲಿ. ಆ ಹೆಸರುಗಳಿಗೆ ಬಾಲ ಇರುತ್ತದೆ, ನಮ್ಮವರ ಮನೆತನದ ಹೆಸರಿನ ಹಾಗೆ. 'ಡಿಪೈನ್' ಎಂದು ಮುಗಿದರೆ ಆಮ್ಲೋಡಿಪೈನ್ ಕುಲದ್ದು, 'ಸಾರ್ಟನ್' ಎಂದರೆ ಟೆಲ್ಮಿಸಾರ್ಟನ್ ಕುಲ, 'ಒಲಾಲ್' ಎಂದರೆ ಅಟೆನೊಲಾಲ್ ಕುಲ. ಇಷ್ಟು ಗೊತ್ತಿದ್ದಿದ್ದರೂ ಸಾಕಿತ್ತು, ನಮ್ಮ ಮನೆಯ ಎಡವಟ್ಟು ತಪ್ಪುತ್ತಿತ್ತು.

ಆದರೆ ನಮ್ಮ ದೇಶದಲ್ಲಿ ಅಂಗಡಿಯಲ್ಲಿ ನಡೆಯುವುದು ಬ್ರಾಂಡಿನ ಹೆಸರು. 1970ರ ಪೇಟೆಂಟ್ ಕಾಯಿದೆ ಮದ್ದಿನ ವಸ್ತುವಿಗೆ ಪೇಟೆಂಟ್ ಇಲ್ಲ, ಮಾಡುವ ವಿಧಾನಕ್ಕೆ ಮಾತ್ರ ಎಂದಿತು. 2005ರವರೆಗೆ ಹಾಗೇ ನಡೆಯಿತು. ಅದರಿಂದ ಮದ್ದು ಅಗ್ಗವಾಯಿತು, ಬಡವರಿಗೆ ದೊಡ್ಡ ಉಪಕಾರವೇ ಆಯಿತು. ಜೊತೆಗೇ ಒಂದೇ ಮದ್ದನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುವುದೂ ಬೆಳೆಯಿತು. 1975ರಲ್ಲೇ ಜೈಸುಖಲಾಲ್ ಹಾಥಿ ಸಮಿತಿ ಬ್ರಾಂಡಿನ ಹೆಸರು ಬಿಟ್ಟು ಮೂಲಹೆಸರಿಗೆ ಬನ್ನಿ ಎಂದು ಹೇಳಿತ್ತು. ಕೇಳಿದವರು ಯಾರು? 2001ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಜಗಳ ಬಂತು. ಎರಡೂ ಮಲೇರಿಯಾ ಮದ್ದು. ಒಂದು ಫಾಲ್ಸಿಗೊ, ಇನ್ನೊಂದು ಫಾಲ್ಸಿಟ್ಯಾಬ್. ಒಳಗಿನ ವಸ್ತು ಬೇರೆ ಬೇರೆ, ಕಂಪನಿಗಳ ಹೆಸರೂ ಹೆಚ್ಚುಕಡಿಮೆ ಒಂದೇ, ಎರಡೂ ಕ್ಯಾಡಿಲಾ! ಮದ್ದಿನ ಹೆಸರು ಒಂದನ್ನೊಂದು ಹೋಲಿದರೆ ಸೋಪಿನ ಹೆಸರು ಹೋಲಿದಂತಲ್ಲ, ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕು ಎಂಬ ಅರ್ಥದಲ್ಲಿ ಕೋರ್ಟು ತೀರ್ಪು ಕೊಟ್ಟಿತು.

ಆಮೇಲಿನದು ಮುಂದೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ. ಕೆಲವು ಬಗೆಯವನ್ನು ಬಿಟ್ಟು ಉಳಿದ ಮದ್ದುಗಳ ಮೇಲೆ ಮೂಲಹೆಸರನ್ನು ಬ್ರಾಂಡಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು 2018ರಲ್ಲಿ ನಿಯಮ ಬಂತು. ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳಿಗೆ ಮೊಬೈಲಿನಲ್ಲಿ ಓದುವ ಚೌಕದ ಗುರುತು 2023ರ ಆಗಸ್ಟಿನಿಂದ. ಅದೇ ತಿಂಗಳು ಡಾಕ್ಟರುಗಳು ಮೂಲಹೆಸರಿನಲ್ಲೇ ಚೀಟಿ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಮಾಡಿತು, ಅದೇ ತಿಂಗಳೇ ತಡೆಹಿಡಿಯಿತು. ಅಗ್ಗದ ಮಾತ್ರೆಯ ಗುಣಮಟ್ಟಕ್ಕೆ ಯಾರು ಹೊಣೆ ಎಂದು ಕೇಳಿದ ಡಾಕ್ಟರುಗಳ ಮಾತನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ. ಸರ್ಕಾರಿ ಆಸ್ಪತ್ರೆಗಳ ಮಟ್ಟಿಗೆ ಕೇರಳ ವಾಸಿ, ತಿರುವನಂತಪುರದ ಕೇರಳ ಮೆಡಿಕಲ್ ಸರ್ವಿಸಸ್ ಕಾರ್ಪೊರೇಷನ್ ಖರೀದಿಸುವುದೇ ಮೂಲಹೆಸರಿನಲ್ಲಿ.

ನಮ್ಮದೇ ಹುಡುಕುವ ತಂತ್ರಾಂಶ ಇಲ್ಲವೇ ಎಂದರೆ, ದಾರಿ ಇದೆ. ರೋಗ, ಪರೀಕ್ಷೆ, ಮದ್ದು ಎಲ್ಲಕ್ಕೂ ಸಂಖ್ಯೆ ಕೊಡುವ ಸ್ನೋಮೆಡ್ ಸಿಟಿ ಎಂಬ ಅಂತಾರಾಷ್ಟ್ರೀಯ ಪದಕೋಶಕ್ಕೆ ಭಾರತ 2014ರಲ್ಲಿ ಸದಸ್ಯನಾಯಿತು. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಕೇಂದ್ರ ಅದಕ್ಕೆ ನಮ್ಮ ದೇಶದ ಮದ್ದುಗಳನ್ನು ಬ್ರಾಂಡು ಸಮೇತ ಸೇರಿಸಿ ಪ್ರಕಟಿಸುತ್ತಿದೆ. ಮೂಲಿಕೆಗಳಿಗೂ ಇಂಥ ಹುಡುಕುತಾಣಗಳಿವೆ. ಲಂಡನ್ನಿನ ಕ್ಯೂ ಉದ್ಯಾನದವರದೊಂದು, ಔಷಧಕೋಶದ ಹೆಸರು ಹಾಕಿದರೆ ಗಿಡದ ಶಾಸ್ತ್ರೀಯ ಹೆಸರು ಹೇಳುತ್ತದೆ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ನಮ್ಮ ಭಾಷೆಗಳ ಗಿಡದ ಹೆಸರುಗಳನ್ನು ಕೂಡಿಸಿ ದತ್ತಾಂಶ ಕಟ್ಟಿದೆ. ಆದರೆ ಇವು ಯಾವುವೂ ಚೀಟಿ ಬರೆಯುವ ಡಾಕ್ಟರ ಮೇಜಿನ ಮೇಲೆ ಕಾಣಲಿಲ್ಲ, ನನ್ನ ಕಣ್ಣಿಗಂತೂ.

ಇನ್ನೊಂದು ಮಾತು. ತಂತ್ರಾಂಶವನ್ನೇ ವೈದ್ಯ ಎಂದುಕೊಳ್ಳಬೇಡಿ. ಮೊದಲು ಆರ್‌ಎಕ್ಸ್‌ನ್ಯಾವ್‌ನಲ್ಲಿ ಎರಡು ಮದ್ದು ಹಾಕಿದರೆ ಅವು ಒಂದಕ್ಕೊಂದು ಆಗಿಬರುತ್ತವೋ ಇಲ್ಲವೋ ಎಂದೂ ತೋರಿಸುತ್ತಿತ್ತು. 2024ರ ಜನವರಿಯಿಂದ ಆ ಭಾಗವನ್ನು ನಿಲ್ಲಿಸಿದ್ದಾರೆ. ಅದು ಹೇಳುವುದು ಇಷ್ಟೇ, ಈ ಹೆಸರಿನದು ಮತ್ತು ಆ ಹೆಸರಿನದು ಒಂದೇ ಅಥವಾ ಬೇರೆ. ಇಟ್ಟಿ ಅಚ್ಯುತನ್ 1675ರಲ್ಲಿ ಸಹಿ ಹಾಕಿ ಹೇಳಿದ್ದೂ ಅಷ್ಟೇ.

ಈ ಸಲ ಅಮ್ಮ ಊರಿಗೆ ಹೊರಡುವಾಗ ಅವಳ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಒಂದು ಕಾಗದ ಅಂಟಿಸಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ 'ಆಮ್ಲೋಡಿಪೈನ್ 5' ಎಂದು ಬರೆದುಕೊಟ್ಟೆ. ಅದರ ಕೆಳಗೆ ಅವಳೇ ಪೆನ್ಸಿಲಿನಲ್ಲಿ 'ಬಿಪಿಯದ್ದು, ಬೆಳಿಗ್ಗೆ ತಿಂಡಿ ಆದ ಮೇಲೆ' ಎಂದು ಸೇರಿಸಿಕೊಂಡಳು. ಮೊನ್ನೆ ಫೋನು ಬಂತು. ಅಂಗಡಿಯವನು ಹಳೆಯದು ಖಾಲಿ, ಇದು ತಗೊಳ್ಳಿ ಎಂದು ಬೇರೆ ಯಾವುದೋ ಕೊಟ್ಟಿದ್ದಾನಂತೆ. ಹಸಿರು ಕಾಗದವಂತೆ.

"ದೊಡ್ಡ ಅಕ್ಷರದಲ್ಲಿ ಎಂತ ಇದೆ, ಓದು."

ಅಮ್ಮ ಕನ್ನಡಕ ಹುಡುಕಿದಳು. ಆಮೇಲೆ ಒಂದೊಂದೇ ಅಕ್ಷರ, ಡಬ್ಬಿಯ ಮುಚ್ಚಳ ಪಕ್ಕದಲ್ಲಿಟ್ಟುಕೊಂಡು. "ಎ... ಎಂ... ಎಲ್... ಓ... ಡಿ..."